ನಕಲಾಗದ 1,146 ಫೈಲ್‌ಗಳು: ಒಂದು ಮನೆಯ ನ್ಯಾಸ್ ಬ್ಯಾಕಪ್ ಪ್ರಕರಣ

ಶಿವಮೊಗ್ಗದ ಒಂದು ಮನೆ. ಮುಂದಿನ ಕೋಣೆಯಲ್ಲಿ ಡಿಟಿಪಿ ಕೆಲಸ: ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ. ಸಂಜೆ ಅದೇ ಡೆಸ್ಕ್‌ಟಾಪಿನಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ. ಮನೆಯ ಹದಿನೈದು ವರ್ಷದ ಫೋಟೊ, ವಿಡಿಯೊಗಳೂ ಅದರಲ್ಲೇ ಇವೆ. ಸಿ ಡ್ರೈವ್ 500 ಜಿಬಿಯ ಎಸ್‌ಎಸ್‌ಡಿ, ಅದರಲ್ಲಿ 210 ಜಿಬಿ ತುಂಬಿತ್ತು. ಡಿ ಡ್ರೈವ್ 2 ಟಿಬಿಯ ಹಾರ್ಡ್ ಡಿಸ್ಕ್, ಅದರಲ್ಲಿ 870 ಜಿಬಿ: ಫೋಟೊ, ವಿಡಿಯೊ 640, ಡಿಟಿಪಿ ಕೆಲಸ 180, ಟ್ಯಾಲಿ ಮತ್ತು ಉಳಿದದ್ದು 50.

ಮನೆಯವರು ಬ್ಯಾಕಪ್ ಬಗ್ಗೆ ಅಸಡ್ಡೆ ಮಾಡಿದವರಲ್ಲ. ರೌಟರ್ ಪಕ್ಕದಲ್ಲಿ ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿ ಫೈಲ್ ಇಡುವ ಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ 4 ಟಿಬಿಯ ಎರಡು ಡಿಸ್ಕ್‌ಗಳು ರೇಡ್ 1ರಲ್ಲಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ಹಾಗೆ ಇದ್ದವು. ಬಳಸಲು ಸಿಗುವ ಜಾಗ 3.6 ಟಿಬಿ. ಯಾರಾದರೂ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ ಲೆಕ್ಕಪತ್ರ ಸಿಗಬಾರದೆಂದು ಶೇರ್ಡ್ ಫೋಲ್ಡರಿಗೆ ಎನ್‌ಕ್ರಿಪ್ಷನ್ ಹಾಕಿದ್ದರು. ಪಿಸಿಯಲ್ಲಿ ರಾತ್ರಿ 2 ಗಂಟೆಗೆ ಟಾಸ್ಕ್ ಶೆಡ್ಯೂಲರ್ ಒಂದು ಬ್ಯಾಚ್ ಫೈಲನ್ನು ಓಡಿಸುತ್ತಿತ್ತು. ಅದರೊಳಗೆ ವಿಂಡೋಸಿನದೇ ನಕಲು ಪ್ರೋಗ್ರಾಂ ರೋಬೋಕಾಪಿ, ಗುರಿಯನ್ನು ಮೂಲದ ಪಡಿಯಚ್ಚಾಗಿಸುವ ಮಿರರ್ ಸ್ವಿಚ್‌ನೊಂದಿಗೆ. ಹದಿನಾಲ್ಕು ತಿಂಗಳು ಹೀಗೇ ನಡೆದಿತ್ತು. ಶೆಡ್ಯೂಲರಿನ ಕೊನೆಯ ಫಲಿತಾಂಶ ಯಾವ ದಿನ ನೋಡಿದರೂ ಸೊನ್ನೆ, ಅಂದರೆ ಎಲ್ಲ ಸರಿ.

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಪಿಸಿಯ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಪ್ಪುವ ಪಟ್ಟಿಯಲ್ಲಿ ಇರಲಿಲ್ಲ. ಹೊಸದು ತಂದು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮಾತು ಬಂತು. ಕೊಡುವ ಮುನ್ನ ನ್ಯಾಸ್‌ನಲ್ಲಿರುವ ಪ್ರತಿ ಪೂರ್ತಿ ಇದೆಯೇ ಎಂದು ಎಣಿಸಿದಾಗ ಲೆಕ್ಕ ತಾಳೆಯಾಗಲಿಲ್ಲ.

ಲಾಗ್ ಹೇಳಿದ್ದು

ಬ್ಯಾಚ್ ಫೈಲು ಪ್ರತಿ ರಾತ್ರಿ ಲಾಗ್ ಬರೆಯುತ್ತಿತ್ತು. ತೆರೆದು ನೋಡಿದವರು ಯಾರೂ ಇರಲಿಲ್ಲ. ರೋಬೋಕಾಪಿ ಲಾಗಿನ ಕೊನೆಯಲ್ಲಿ ಒಂದು ಸಣ್ಣ ಕೋಷ್ಟಕ ಇರುತ್ತದೆ: ಒಟ್ಟು, ನಕಲಾದವು, ಬಿಟ್ಟವು, ಹೊಂದದವು, ವಿಫಲವಾದವು, ಹೆಚ್ಚುವರಿ. ಒಟ್ಟು 3,12,480 ಫೈಲ್‌ಗಳಲ್ಲಿ ವಿಫಲ ಎಂಬ ಕಾಲಮ್ಮಿನಲ್ಲಿ 1,146. ಹಿಂದಿನ ರಾತ್ರಿಯ ಲಾಗಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಅದರ ಹಿಂದಿನದರಲ್ಲೂ ಅಷ್ಟೇ.

ಹಾಗಿದ್ದರೆ ಶೆಡ್ಯೂಲರ್ ಸೊನ್ನೆ ತೋರಿಸಿದ್ದು ಹೇಗೆ? ಬೇರೆ ಪ್ರೋಗ್ರಾಂಗಳಲ್ಲಿ ಸೊನ್ನೆ ಎಂದರೆ ಯಶಸ್ಸು, ಉಳಿದದ್ದೆಲ್ಲ ತಪ್ಪು. ರೋಬೋಕಾಪಿ ಹಾಗಲ್ಲ. ಅಲ್ಲಿ 0 ಅಂದರೆ ನಕಲಿಸಲು ಹೊಸದೇನೂ ಇರಲಿಲ್ಲ, 1 ಅಂದರೆ ನಕಲಾಯಿತು, 2 ಅಂದರೆ ಮೂಲದಲ್ಲಿಲ್ಲದ ಹೆಚ್ಚುವರಿ ಫೈಲ್ ಗುರಿಯಲ್ಲಿ ಕಂಡಿತು, 4 ಅಂದರೆ ಹೆಸರು ಒಂದೇ ಆದರೂ ಹೊಂದಾಣಿಕೆ ಇಲ್ಲ, 8 ಅಂದರೆ ಕೆಲವು ನಕಲಾಗಲಿಲ್ಲ, 16 ಅಂದರೆ ಕೆಲಸವೇ ಆಗಲಿಲ್ಲ. ಇವು ಕೂಡಿಕೊಂಡು ಬರುತ್ತವೆ: ಕೆಲವು ನಕಲಾಗಿ ಕೆಲವು ವಿಫಲವಾದರೆ 9. ಎಲ್ಲವೂ ಸರಿಯಾಗಿ ನಕಲಾದ ರಾತ್ರಿಯೂ 1 ಬರುವುದರಿಂದ ಶೆಡ್ಯೂಲರಿಗೆ ಅದು ತಪ್ಪಿನ ಹಾಗೆ ಕಾಣುತ್ತದೆ. ಆ ಕಿರಿಕಿರಿ ತಪ್ಪಿಸಲು ಬ್ಯಾಚ್ ಫೈಲಿನ ಕೊನೆಗೆ ಸೊನ್ನೆಯೊಂದಿಗೆ ಮುಗಿಸು ಎಂಬ ಸಾಲು ಸೇರಿಸುವುದು ಬಹಳ ಕಡೆ ರೂಢಿ. ಇಲ್ಲಿಯೂ ಆ ಸಾಲು ಇತ್ತು. ಅದು 1ನ್ನು ಮುಚ್ಚಿದ ಹಾಗೆ 9ನ್ನೂ ಮುಚ್ಚಿತು. ಬರೆಯಬೇಕಾದದ್ದು ಬೇರೆ: ಕೋಡ್ 8 ಅಥವಾ ಹೆಚ್ಚಿದ್ದರೆ ತಪ್ಪು ಎಂದು ಮುಗಿಸು, ಕಡಿಮೆ ಇದ್ದರೆ ಸೊನ್ನೆ.

ಆ 1,146 ಫೈಲ್‌ಗಳನ್ನು ಕಾರಣದ ಪ್ರಕಾರ ಬೇರ್ಪಡಿಸಿದಾಗ ಮೂರು ಗುಂಪಾದವು.

17 ಫೈಲ್‌ಗಳು ತೆರೆದೇ ಇದ್ದವು: ರಾತ್ರಿ ಮುಚ್ಚದೆ ಬಿಟ್ಟ ಟ್ಯಾಲಿ ಕಂಪನಿಯ ಡೇಟಾ, ಔಟ್‌ಲುಕ್ಕಿನ ಮೇಲ್ ಫೈಲ್. ಬೇರೆ ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲನ್ನು ರೋಬೋಕಾಪಿ ಓದಲಾರದು. ಇಲ್ಲಿ ಮರುಪ್ರಯತ್ನವನ್ನು ಒಂದಕ್ಕೆ ಇಳಿಸಿದ್ದು ಒಳ್ಳೆಯದೇ ಆಯಿತು. ಏನೂ ಹೇಳದಿದ್ದರೆ ರೋಬೋಕಾಪಿ 10 ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ; ಒಂದೇ ಒಂದು ಬೀಗ ಬಿದ್ದ ಫೈಲಿಗೆ 347 ದಿನ.

398 ಫೈಲ್‌ಗಳು ಒನ್‌ಡ್ರೈವಿನವು. ಒನ್‌ಡ್ರೈವ್ ಫೋಲ್ಡರನ್ನು ಡಿ ಡ್ರೈವಿಗೆ ಸರಿಸಿದ್ದರು, ಜಾಗ ಉಳಿಸಲು ಹಳೆಯ ಫೈಲ್‌ಗಳನ್ನು ಕ್ಲೌಡಿನಲ್ಲಿ ಮಾತ್ರ ಬಿಟ್ಟಿದ್ದರು. ಎಕ್ಸ್‌ಪ್ಲೋರರಿನಲ್ಲಿ ಹೆಸರು, ಗಾತ್ರ, ತಾರೀಕು ಎಲ್ಲ ಕಾಣುತ್ತದೆ. ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಡಿಸ್ಕಿನಲ್ಲಿ ಇರುವುದು ಹೆಸರು ಮಾತ್ರ. ಓದಲು ಹೋದಾಗ ಒನ್‌ಡ್ರೈವ್ ಅದನ್ನು ಇಳಿಸಿಕೊಡಬೇಕು. ರಾತ್ರಿ 2 ಗಂಟೆಗೆ ಒನ್‌ಡ್ರೈವ್ ಚಾಲೂ ಇರುತ್ತಿರಲಿಲ್ಲ. ಲಾಗಿನಲ್ಲಿ ಇವುಗಳ ಮುಂದೆಲ್ಲ 362 ಎಂಬ ದೋಷಸಂಖ್ಯೆ: ಕ್ಲೌಡ್ ಫೈಲ್ ಒದಗಿಸುವ ಪ್ರೋಗ್ರಾಂ ಓಡುತ್ತಿಲ್ಲ ಎಂದು ಅದರ ಅರ್ಥ. ಮುಖ್ಯವಾದ ಫೋಲ್ಡರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಸಾಧನದಲ್ಲಿಯೇ ಇರಲಿ ಎಂಬುದನ್ನು ಆರಿಸಿದ ಮೇಲೆ ಇದು ತೀರಿತು. ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನಲ್ಲಿರುವುದೆಲ್ಲದರ ಒಂದೇ ಪ್ರತಿ, ತೆಗೆಯುವವರಿಗೂ ಈ ಅಪಾಯ ಇದ್ದೇ ಇದೆ. ಇಮೇಜಿನಲ್ಲಿ ಸೇರುವುದು ಡಿಸ್ಕಿನ ಮೇಲೆ ಇರುವುದು ಮಾತ್ರ.

ಉಳಿದ 731 ಫೈಲ್‌ಗಳದ್ದೇ ಒಗಟು. ತೆರೆದಿರಲಿಲ್ಲ, ಕ್ಲೌಡಿನವಲ್ಲ, ಕೆಟ್ಟಿರಲಿಲ್ಲ. ಎಲ್ಲವಕ್ಕೂ ಇದ್ದ ಸಾಮ್ಯ ಒಂದೇ: ಹೆಸರು ಕನ್ನಡದಲ್ಲಿತ್ತು, ಸ್ವಲ್ಪ ಉದ್ದವಿತ್ತು.

ಹೆಸರಿನ ಉದ್ದ, ಬೈಟ್‌ಗಳ ಲೆಕ್ಕ

ವಿಂಡೋಸಿನ ಎನ್‌ಟಿಎಫ್‌ಎಸ್ ಒಂದು ಫೈಲಿನ ಹೆಸರಿಗೆ 255 ಘಟಕಗಳನ್ನು ಕೊಡುತ್ತದೆ, ಕನ್ನಡದ ಪ್ರತಿ ಸಂಕೇತಕ್ಕೂ ಒಂದೇ ಘಟಕ. ನ್ಯಾಸ್ ಒಳಗಿರುವುದು ಲಿನಕ್ಸ್. ಅಲ್ಲಿಯೂ ಮಿತಿ 255ರದ್ದೇ, ಆದರೆ ಎಣಿಕೆ ಬೈಟ್‌ಗಳಲ್ಲಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಅದರ ಮೇಲೆ, ನಾವು ಒಂದಕ್ಷರ ಎಂದು ಓದುವುದು ಕಂಪ್ಯೂಟರಿಗೆ ಒಂದೇ ಸಂಕೇತವಲ್ಲ: 'ಕ್ಷ್ಮೀ' ಎಂಬಲ್ಲಿ ಕ, ವಿರಾಮ (ಒತ್ತಕ್ಷರ ಮಾಡುವ ಗುರುತು), ಷ, ವಿರಾಮ, ಮ, ದೀರ್ಘ ಸೇರಿ ಆರು ಸಂಕೇತ, ಹದಿನೆಂಟು ಬೈಟ್.

ಈ ಪೆಟ್ಟಿಗೆಯಲ್ಲಿ ಇನ್ನೂ ಒಂದು ಬಿಗಿ ಇತ್ತು. ಶೇರ್ಡ್ ಫೋಲ್ಡರ್ ಮಟ್ಟದ ಎನ್‌ಕ್ರಿಪ್ಷನ್‌ಗೆ ಅನೇಕ ಮನೆಬಳಕೆಯ ನ್ಯಾಸ್‌ಗಳು ಇಕ್ರಿಪ್ಟ್‌ಎಫ್‌ಎಸ್ ಎಂಬುದನ್ನು ಬಳಸುತ್ತವೆ. ಅದು ಫೈಲಿನ ಒಳಗನ್ನು ಮಾತ್ರವಲ್ಲದೆ ಹೆಸರನ್ನೂ ಗೂಢಲಿಪಿಗೆ ತಿರುಗಿಸುತ್ತದೆ, ಹಾಗೆ ತಿರುಗಿಸಿದ ಹೆಸರು ಮೂಲಕ್ಕಿಂತ ಉದ್ದವಾಗುತ್ತದೆ. ಆ ಉದ್ದದ ಹೆಸರು 255ರೊಳಗೆ ಕೂರಬೇಕಾದರೆ ಮೂಲ ಹೆಸರು 143 ಬೈಟ್ ಮೀರುವಂತಿಲ್ಲ. ಕನ್ನಡದಲ್ಲಿ ಅದು 47 ಸಂಕೇತ.

ನಿಜವಾಗಿ ವಿಫಲವಾದ ಬಗೆಯ ಒಂದು ಹೆಸರನ್ನು ಎಣಿಸೋಣ: 'ಶ್ರೀಲಕ್ಷ್ಮೀವೆಂಕಟೇಶ್ವರ ಬ್ರಹ್ಮೋತ್ಸವ ಆಹ್ವಾನಪತ್ರಿಕೆ ಅಂತಿಮ'. ಕಣ್ಣಿಗೆ ಕಾಣುವುದು 21 ಅಕ್ಷರ. ಸಂಕೇತಗಳು ಕ್ರಮವಾಗಿ 21, 11, 13, 5. ಒಟ್ಟು 50, ಅಂದರೆ 150 ಬೈಟ್. ಮೂರು ಖಾಲಿ ಜಾಗಕ್ಕೆ 3, ಚುಕ್ಕೆ ಸೇರಿದ ಎಕ್ಸ್‌ಟೆನ್ಷನ್ನಿಗೆ 4. ಎಲ್ಲ ಸೇರಿ 157. ಅಷ್ಟೇ ಅಕ್ಷರದ ಇಂಗ್ಲಿಷ್ ಹೆಸರು 28 ಬೈಟಿನಲ್ಲಿ ಮುಗಿಯುತ್ತಿತ್ತು. ಕೊನೆಯ 'ಅಂತಿಮ' ಇಲ್ಲದಿದ್ದರೆ ಇದೇ ಹೆಸರು 141 ಬೈಟ್ ಆಗಿ ಸಲೀಸಾಗಿ ದಾಟುತ್ತಿತ್ತು. ಡಿಟಿಪಿ ಮಾಡುವವರಿಗೆ ಇದರ ನೋವು ತಕ್ಷಣ ಅರ್ಥವಾಗುತ್ತದೆ: ಕರಡುಗಳೆಲ್ಲ ನ್ಯಾಸ್ ಸೇರಿದ್ದವು, ಗಿರಾಕಿ ಒಪ್ಪಿ ಮುದ್ರಣಕ್ಕೆ ಹೋದ ಅಂತಿಮ ಪ್ರತಿಗಳೇ ಸೇರಿರಲಿಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವುದು ತಪ್ಪೆಂದು ಇದರಿಂದ ತಿಳಿಯಬೇಕಾಗಿಲ್ಲ. ಕನ್ನಡದ ಹೆಸರುಗಳು ಕನ್ನಡದಲ್ಲೇ ಇರಲಿ, ಅವನ್ನು ಹೊರಲಾಗದ ಜಾಗವನ್ನು ಬದಲಿಸೋಣ. ಎನ್‌ಕ್ರಿಪ್ಷನ್ ಇಲ್ಲದ ಫೋಲ್ಡರಿನಲ್ಲಿ 255 ಬೈಟ್, ಅಂದರೆ 85 ಸಂಕೇತ ಸಿಗುತ್ತದೆ. ಮೇಲಿನ ಹೆಸರಿನಂತೆ ಒತ್ತಕ್ಷರ ಹೆಚ್ಚಿರುವ ಬರಹದಲ್ಲಿ ಅದು ಸುಮಾರು 35 ಅಕ್ಷರ. ಇಕ್ರಿಪ್ಟ್‌ಎಫ್‌ಎಸ್ ಫೋಲ್ಡರಿನಲ್ಲಿ 19 ಅಕ್ಷರಕ್ಕೇ ಎಚ್ಚರ ಬೇಕು. ತಮ್ಮಲ್ಲಿ ಇಂಥವು ಎಷ್ಟಿವೆ ಎಂದು ತಿಳಿಯಲು ಪವರ್‌ಶೆಲ್‌ನಲ್ಲಿ ಪ್ರತಿ ಫೈಲಿನ ಹೆಸರಿನ ಯುಟಿಎಫ್-8 ಬೈಟ್ ಎಣಿಕೆಯನ್ನು ತೆಗೆದು 143 ಮೀರಿದವನ್ನು ಪಟ್ಟಿ ಮಾಡಿದರೆ ಸಾಕು. ಮೂರು ಲಕ್ಷ ಫೈಲಿಗೂ ಅದು ದೊಡ್ಡ ಕೆಲಸವಲ್ಲ.

ಲಾಗಿನಲ್ಲಿ ಕಾಣದ ಕೊರತೆಗಳು

ಬ್ಯಾಚ್ ಫೈಲು ನಕಲಿಸುತ್ತಿದ್ದದ್ದು ಡಿ ಡ್ರೈವ್ ಮಾತ್ರ. ಪ್ರೋಗ್ರಾಂಗಳನ್ನು ಮತ್ತೆ ಹಾಕಿಕೊಳ್ಳಬಹುದು, ಸಿ ಯಾಕೆ ಬೇಕು ಎಂಬ ಯೋಚನೆ ಅದರ ಹಿಂದೆ. ಆದರೆ ಕನ್ನಡ ಡಿಟಿಪಿಯಲ್ಲಿ ಸಿ ಡ್ರೈವಿನಲ್ಲೇ ಒಂದು ದೊಡ್ಡ ಆಸ್ತಿ ಕೂತಿರುತ್ತದೆ: ಫಾಂಟುಗಳು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕೆಲಸ ಯೂನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಫೈಲ್ ಪೂರ್ತಿ ಉಳಿದೂ ಓದಲಾಗದ ಸ್ಥಿತಿ ಅದು. ಫಾಂಟುಗಳಿಗೆ ಎರಡು ಜಾಗಗಳಿವೆ, ಎರಡನ್ನೂ ನೋಡಬೇಕು: ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್, ಮತ್ತು ಈಚಿನ ವಿಂಡೋಸ್‌ಗಳಲ್ಲಿ ಒಬ್ಬ ಬಳಕೆದಾರರಿಗಷ್ಟೇ ಹಾಕಿದ ಫಾಂಟುಗಳು ಹೋಗಿ ಸೇರುವ, ಆಪ್‌ಡೇಟಾದೊಳಗೆ ಅಡಗಿರುವ ಇನ್ನೊಂದು ಫಾಂಟ್ಸ್ ಫೋಲ್ಡರ್. ಡಾಂಗಲ್ (ಪಿಸಿಗೆ ಚುಚ್ಚಿದರೆ ಮಾತ್ರ ತಂತ್ರಾಂಶ ನಡೆಯುವ ಪುಟ್ಟ ಸಾಧನ) ಬೇಡುವ ಅಕ್ಷರ ತಂತ್ರಾಂಶವಿದ್ದರೆ ಡಾಂಗಲ್‌ಗೆ ಬ್ಯಾಕಪ್ ಇಲ್ಲ; ಅಂಥ ಕೆಲಸಗಳ ಅಂತಿಮ ಪ್ರತಿಯನ್ನು ಅಕ್ಷರಗಳನ್ನು ಕರ್ವ್‌ಗೆ ಬದಲಿಸಿ, ಪಿಡಿಎಫ್ ಆಗಿಯೂ ಇಡುವುದೊಂದೇ ದಾರಿ.

ಎರಡನೆಯದು ಮಿರರ್ ಸ್ವಿಚ್. ಮೂಲದಲ್ಲಿ ಅಳಿಸಿದ್ದನ್ನು ಅದು ಗುರಿಯಲ್ಲೂ ಅಳಿಸುತ್ತದೆ. ಮಂಗಳವಾರ ಕೈತಪ್ಪಿ ಅಳಿಸಿದ ಫೋಲ್ಡರ್ ಬುಧವಾರ ಬೆಳಗಾಗುವಷ್ಟರಲ್ಲಿ ನ್ಯಾಸ್‌ನಲ್ಲೂ ಇರುವುದಿಲ್ಲ. ಕೆಟ್ಟು ಕೂತ ಟ್ಯಾಲಿ ಡೇಟಾ ನಿನ್ನೆಯ ಒಳ್ಳೆಯ ಪ್ರತಿಯ ಮೇಲೆಯೇ ಬರೆದುಕೊಳ್ಳುತ್ತದೆ. ಡಿ ಡ್ರೈವ್ ಹೋಗಿ ಅದೇ ಅಕ್ಷರದಲ್ಲಿ ಖಾಲಿ ಡಿಸ್ಕ್ ಹಾಕಿ, ಟಾಸ್ಕನ್ನು ನಿಲ್ಲಿಸಲು ಮರೆತರೆ ಒಂದೇ ರಾತ್ರಿಯಲ್ಲಿ ನ್ಯಾಸ್ ಪ್ರತಿಯೂ ಖಾಲಿ. ರೇಡ್ 1 ಇಲ್ಲಿ ಏನೂ ಮಾಡುವುದಿಲ್ಲ. ಅಳಿಸುವಿಕೆಯನ್ನು ಎರಡೂ ಡಿಸ್ಕಿನಲ್ಲಿ ಶ್ರದ್ಧೆಯಿಂದ ನಡೆಸಿಕೊಡುತ್ತದೆ. ಒಂದು ಡಿಸ್ಕ್ ಸತ್ತರೆ ಪೆಟ್ಟಿಗೆ ನಡೆಯುತ್ತಿರಲಿ ಎಂಬುದಷ್ಟೇ ಅದರ ಕೆಲಸ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಪಿಸಿಯಲ್ಲಿ ನ್ಯಾಸ್‌ನ ಅಡ್ಮಿನ್ ಖಾತೆಯ ಪಾಸ್‌ವರ್ಡನ್ನೇ ಉಳಿಸಿದ್ದರು, ನ್ಯಾಸ್ ಜಡ್ ಡ್ರೈವ್ ಆಗಿ ಸದಾ ತೆರೆದಿರುತ್ತಿತ್ತು. ಪಿಸಿಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ತಂತ್ರಾಂಶ) ಹೊಕ್ಕರೆ ಅದು ಸಿ, ಡಿ ಮುಗಿಸಿ ಜಡ್‌ಗೂ ಬರುತ್ತದೆ. ಪೆಟ್ಟಿಗೆಯನ್ನು ಹೊರಗಿನಿಂದ ತಲುಪಲು ರೌಟರಿನಲ್ಲಿ ಪೋರ್ಟ್ ತೆರೆದಿರಲಿಲ್ಲ ಎಂಬುದು ಈ ಮನೆಯ ಪುಣ್ಯ. 2022ರ ಜನವರಿಯಲ್ಲಿ ಶುರುವಾದ ಡೆಡ್‌ಬೋಲ್ಟ್ ದಾಳಿ ಹಿಡಿದದ್ದು ಹೀಗೆ ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಟ್ಟ ಮನೆ-ಕಚೇರಿಗಳ ನ್ಯಾಸ್‌ಗಳನ್ನು. ಊರಾಚೆಯಿಂದ ಫೈಲ್ ಬೇಕೆನಿಸಿದರೆ ವಿಪಿಎನ್ ಇರಲಿ. ಪೋರ್ಟ್ ಫಾರ್ವರ್ಡಿಂಗ್ ಬೇಡವೇ ಬೇಡ.

ಮೊದಲು ತಂತಿ, ಆಮೇಲೆ ತಂತ್ರಾಂಶ

ಹೊಸ ವ್ಯವಸ್ಥೆಯಲ್ಲಿ ಇಡೀ ಪಿಸಿಯ ಇಮೇಜ್ ತೆಗೆಯಬೇಕಿತ್ತು: 1,080 ಜಿಬಿ, ಕುಗ್ಗಿಸಿದ ಮೇಲೆ 940. ಫೋಟೊ, ವಿಡಿಯೊಗಳು ಆಗಲೇ ಕುಗ್ಗಿದ ರೂಪದಲ್ಲಿ ಇರುವುದರಿಂದ ಇದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮೊದಲ ಪ್ರಯತ್ನದಲ್ಲಿ ವೇಗ ಸೆಕೆಂಡಿಗೆ 11.5 ಎಂಬಿ ದಾಟಲಿಲ್ಲ. ಆ ಲೆಕ್ಕದಲ್ಲಿ 23 ಗಂಟೆ ಬೇಕು.

11.5 ಎಂಬ ಸಂಖ್ಯೆಯೇ ರೋಗ ಯಾವುದೆಂದು ಹೇಳುತ್ತದೆ: 100 ಎಂಬಿಪಿಎಸ್ ಕೊಂಡಿಯ ನೆತ್ತಿ ಅದು. ಗಿಗಾಬಿಟ್ ಕೊಂಡಿಯಾದರೆ 110ರ ಹತ್ತಿರ ಬರಬೇಕು. ಇಲ್ಲಿ ತಪ್ಪು ಎರಡು ಕಡೆ ಇತ್ತು. ಫೈಬರ್ ಸಂಪರ್ಕದವರು ಕೊಟ್ಟ ಪೆಟ್ಟಿಗೆಯಲ್ಲಿ ನಾಲ್ಕು ಲ್ಯಾನ್ ಪೋರ್ಟ್ ಇದ್ದರೂ ಗಿಗಾಬಿಟ್ ಒಂದೇ, ಉಳಿದ ಮೂರು 100ರವು. ನ್ಯಾಸ್ ಗಿಗಾಬಿಟ್‌ಗೆ, ಪಿಸಿ ಪಕ್ಕದ್ದಕ್ಕೆ ಸೇರಿತ್ತು. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಪಿಸಿ, ನ್ಯಾಸ್ ಎರಡನ್ನೂ ಅದಕ್ಕೆ ಸೇರಿಸಿ, ಸ್ವಿಚ್‌ನಿಂದ ಒಂದು ಕೇಬಲ್ ಫೈಬರ್ ಪೆಟ್ಟಿಗೆಗೆ ಕೊಟ್ಟದ್ದಾಯಿತು. ಆದರೂ ವೇಗ ಏರಲಿಲ್ಲ. ಪಿಸಿಗೆ ಹೋಗುವ ಕೇಬಲನ್ನು ಗೋಡೆಯಂಚಿನಲ್ಲಿ ಎಳೆದು ಕ್ರಿಂಪ್ ಮಾಡಿದವರು ಎಂಟು ತಂತಿಗಳಲ್ಲಿ ನಾಲ್ಕನ್ನೇ ಸೇರಿಸಿದ್ದರು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ಒಂದು ತಂತಿ ಕೂರದಿದ್ದರೂ ಕೊಂಡಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎರಡೂ ತುದಿ ಹೊಸದಾಗಿ ಕ್ರಿಂಪ್ ಮಾಡಿ ಎಂಟೂ ತಂತಿ ಸೇರಿಸಿದ ಮೇಲೆ ಪಿಸಿಯ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ 1.0 ಜಿಬಿಪಿಎಸ್ ಎಂದು ತೋರಿಸಿತು. ಮೊದಲ ಪೂರ್ತಿ ಇಮೇಜ್ 3 ಗಂಟೆ 20 ನಿಮಿಷದಲ್ಲಿ ಮುಗಿಯಿತು. ಈಗ ತಡವಾಗುತ್ತಿದ್ದದ್ದು ಹಾರ್ಡ್ ಡಿಸ್ಕಿನ ಓದಿನಿಂದ.

ಇಮೇಜಿಗೆ ಬಳಸಿದ್ದು ವೀಮ್ ಏಜೆಂಟ್ ಎಂಬ ಬ್ಯಾಕಪ್ ತಂತ್ರಾಂಶದ ಉಚಿತ ಆವೃತ್ತಿ. ಅದು ವಿಂಡೋಸಿನ ಶ್ಯಾಡೋ ಕಾಪಿ, ಅಂದರೆ ಆ ಕ್ಷಣದ ಡಿಸ್ಕಿನ ಸ್ಥಿತಿಯನ್ನು ಹಿಡಿದುಕೊಡುವ ಸೌಲಭ್ಯ, ಬಳಸುವುದರಿಂದ ತೆರೆದಿರುವ ಫೈಲೂ ಸಿಗುತ್ತದೆ, ಮೊದಲ ಸಲದ ನಂತರ ಬದಲಾದ ಬ್ಲಾಕ್‌ಗಳನ್ನು ಮಾತ್ರ ಕಳಿಸುತ್ತದೆ. ಇಡೀ ಪಿಸಿಯ ಇಮೇಜ್ ಒಂದೇ ಫೈಲಾಗಿ ಕೂರುವುದರಿಂದ ಒಳಗಿನ ಹೆಸರುಗಳು ಎಷ್ಟೇ ಉದ್ದವಿದ್ದರೂ ನ್ಯಾಸ್‌ಗೆ ಅದರ ಗೊಡವೆ ಇಲ್ಲ. 731ರ ಒಗಟು ಅಲ್ಲಿಗೆ ಬಗೆಹರಿಯಿತು. ಆದರೂ ಟ್ಯಾಲಿ ವಿಷಯದಲ್ಲಿ ಶ್ಯಾಡೋ ಕಾಪಿಯನ್ನು ಮಾತ್ರ ನಂಬುವುದು ಸರಿಯಲ್ಲ. ಓಡುತ್ತಿರುವ ಪಿಸಿಗೆ ಕರೆಂಟ್ ಹೋದರೆ ಡೇಟಾ ಯಾವ ಸ್ಥಿತಿಯಲ್ಲಿರುತ್ತದೋ ಅದೇ ಸ್ಥಿತಿ ಪ್ರತಿಯಲ್ಲೂ ಸಿಗುತ್ತದೆ, ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ, ಖಾತ್ರಿ ಇಲ್ಲ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ಆರಿಸಿ, ದಿನದ ಕೆಲಸ ಮುಗಿದಾಗ ಡಿ ಡ್ರೈವಿನ ಒಂದು ಫೋಲ್ಡರಿಗೆ ಬರೆಸಿಟ್ಟರೆ ಆ ಫೈಲು ರಾತ್ರಿಯ ಇಮೇಜಿನಲ್ಲಿ ಸೇರುತ್ತದೆ.

ಹೊಂದಿಸಿದ ಕ್ರಮ ಇದು. ನ್ಯಾಸ್‌ನಲ್ಲಿ ಬ್ಯಾಕಪ್‌ಗೆಂದೇ ಹೊಸ ಶೇರ್ಡ್ ಫೋಲ್ಡರ್, ಫೋಲ್ಡರ್ ಎನ್‌ಕ್ರಿಪ್ಷನ್ ಇಲ್ಲದೆ. ಅದಕ್ಕೆ ಮಾತ್ರ ಬರೆಯುವ ಹಕ್ಕಿರುವ, ಅಡ್ಮಿನ್ ಅಲ್ಲದ ಹೊಸ ಬಳಕೆದಾರ. ಈ ಪಾಸ್‌ವರ್ಡನ್ನು ವೀಮ್ ಒಳಗೆ ಮಾತ್ರ ಕೊಡಬೇಕು, ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಎಂದೂ ಟೈಪ್ ಮಾಡಬಾರದು. ದಿನಬಳಕೆಯ ಖಾತೆಗೆ ಬ್ಯಾಕಪ್ ಫೋಲ್ಡರ್ ಓದಲು ಮಾತ್ರ ಸಿಗುತ್ತದೆ. ಗುರಿಯನ್ನು ಜಡ್ ಡ್ರೈವ್ ಎಂದು ಕೊಡದೆ ನ್ಯಾಸ್‌ನ ಐಪಿ ಸಂಖ್ಯೆಯೊಂದಿಗೆ ಪೂರ್ತಿ ನೆಟ್‌ವರ್ಕ್ ವಿಳಾಸವಾಗಿ ಕೊಟ್ಟರು. ಡ್ರೈವ್ ಅಕ್ಷರ ಲಾಗಿನ್ ಆದವರಿಗೆ ಮಾತ್ರ ಕಾಣುತ್ತದೆ, ಹಿನ್ನೆಲೆಯ ಸೇವೆಗೆ ಕಾಣುವುದಿಲ್ಲ. ಆ ಐಪಿ ಬದಲಾಗದಂತೆ ರೌಟರಿನಲ್ಲಿ ಕಾದಿರಿಸಿದ್ದೂ ಆಯಿತು. ಗೌಪ್ಯತೆಗೆ ವೀಮ್‌ನಲ್ಲೇ ಎನ್‌ಕ್ರಿಪ್ಷನ್. ಆ ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಇದ್ದೂ ಇಲ್ಲ. ಅದನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ. ಬರೆದಿಡಬೇಡಿ ಎಂಬ ಉಪದೇಶ ಈ ಒಂದು ಪಾಸ್‌ವರ್ಡಿಗೆ ಅನ್ವಯಿಸುವುದಿಲ್ಲ.

ಸಮಯ ರಾತ್ರಿ 9.30. ಪಿಸಿ ಆ ಹೊತ್ತಿಗೆ ಚಾಲೂ ಇರುತ್ತದೆ. ಆರಿದ್ದರೆ ಮರುದಿನ ಆನ್ ಆದಾಗ ಓಡಲಿ ಎಂದು ಹೊಂದಿಸಿದೆ. ಹದಿನಾಲ್ಕು ದಿನದ ಪ್ರತಿಗಳು ಉಳಿಯುತ್ತವೆ. ದಿನದ ಬದಲಾವಣೆ ಸರಾಸರಿ 6 ಜಿಬಿ, ಕೆಲವೇ ನಿಮಿಷದ ಕೆಲಸ. ಅವಧಿ ತುಂಬಿದ ಮೇಲೆ ಅತಿ ಹಳೆಯ ದಿನದ ಭಾಗವನ್ನು ವೀಮ್ ಪೂರ್ತಿ ಇಮೇಜಿನೊಳಗೆ ವಿಲೀನ ಮಾಡುತ್ತದೆ.

ಇದರ ಮೇಲೆ ನ್ಯಾಸ್ ತನ್ನದೇ ಸ್ನ್ಯಾಪ್‌ಶಾಟ್ (ಫೋಲ್ಡರಿನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯುತ್ತದೆ, ದಿನಕ್ಕೊಂದು, ಹದಿನಾಲ್ಕು. ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಂ ಇರುವ ಪೆಟ್ಟಿಗೆಗಳಲ್ಲಿ ಇದು ಸಿಗುತ್ತದೆ. ಪಿಸಿಯಿಂದ ಬ್ಯಾಕಪ್ ಖಾತೆಯೇ ಕಳುವಾಗಿ ಇಮೇಜುಗಳನ್ನೆಲ್ಲ ಅಳಿಸಿದರೂ ಸ್ನ್ಯಾಪ್‌ಶಾಟ್‌ಗಳನ್ನು ಮುಟ್ಟಲು ನ್ಯಾಸ್‌ನ ಅಡ್ಮಿನ್ ಪುಟಕ್ಕೇ ಹೋಗಬೇಕು. ಆ ಅಡ್ಮಿನ್ ಖಾತೆಗೆ ಈಗ ಎರಡು ಹಂತದ ಲಾಗಿನ್ ಇದೆ. ಜಾಗ ಎಷ್ಟು ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು: ದಿನವೂ 6 ಜಿಬಿ ಹೊಸದು, 6 ಜಿಬಿ ವಿಲೀನ, ಹೀಗಾಗಿ ಒಂದೊಂದು ಸ್ನ್ಯಾಪ್‌ಶಾಟ್ 12 ಜಿಬಿಯಂತೆ ಒಟ್ಟು 170ರ ಹತ್ತಿರ. ಇಮೇಜ್ ಮತ್ತು ದಿನದ ಭಾಗಗಳು ಸೇರಿ 1,024. ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಂಡ ಹಳೆಯ ಪ್ರತಿ 870. ಎಲ್ಲ ಸೇರಿದರೂ 2.1 ಟಿಬಿಯೊಳಗೆ ಇತ್ತು. 80 ಶೇಕಡಾ ದಾಟಿದರೆ ಇಮೇಲ್ ಬರುವಂತೆ ಹೊಂದಿಸಿದ್ದಾರೆ.

ಮಲೆನಾಡಿನ ಕರೆಂಟು, ಗುಡುಗು

ಮನೆಯಲ್ಲಿ ಇನ್ವರ್ಟರ್ ಇದೆ, ನ್ಯಾಸ್‌ಗೆ ಬೇರೆ ಯುಪಿಎಸ್ ಯಾಕೆ ಎಂಬ ಪ್ರಶ್ನೆ ಬಂತು. ಕಾರಣ ಎರಡು. ಬಹಳ ಇನ್ವರ್ಟರ್‌ಗಳಲ್ಲಿ ಸಾಮಾನ್ಯ ಮತ್ತು ಯುಪಿಎಸ್ ಎಂಬ ಎರಡು ಸ್ಥಾನದ ಸ್ವಿಚ್ ಇರುತ್ತದೆ. ಸಾಮಾನ್ಯದಲ್ಲಿದ್ದರೆ ಬದಲಾಗುವ ಕ್ಷಣದ ತಡಕ್ಕೆ ಕಂಪ್ಯೂಟರ್, ನ್ಯಾಸ್ ರೀಬೂಟ್ ಆಗಬಹುದು. ಎರಡನೆಯದು, ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಬಾರದೆ ಇನ್ವರ್ಟರ್ ಬ್ಯಾಟರಿ ಬರಿದಾದಾಗ ಅದು ನ್ಯಾಸ್‌ಗೆ ಒಂದು ಮಾತೂ ಹೇಳದೆ ನಿಲ್ಲುತ್ತದೆ. ಬರೆಯುತ್ತಿರುವಾಗ ಹೀಗಾದರೆ ರೇಡ್, ಫೈಲ್ ಸಿಸ್ಟಂ ಎರಡಕ್ಕೂ ಪೆಟ್ಟು. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಯುಪಿಎಸ್ ಆದರೆ ಕರೆಂಟ್ ಹೋದದ್ದು ನ್ಯಾಸ್‌ಗೆ ತಿಳಿಯುತ್ತದೆ. ನ್ಯಾಸ್, ಸ್ವಿಚ್, ಫೈಬರ್ ಪೆಟ್ಟಿಗೆ ಮೂರೂ ಸೇರಿ 35 ವ್ಯಾಟ್ ಆಸುಪಾಸು. ಯುಪಿಎಸ್ ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್. ಕಾಗದದ ಮೇಲೆ ಎರಡು ಗಂಟೆಗೂ ಮಿಕ್ಕಿ, ನಡೆಯಲ್ಲಿ ಅದರ ಅರ್ಧವನ್ನೂ ನೆಚ್ಚಬಾರದು. ಕರೆಂಟ್ ಹೋಗಿ 10 ನಿಮಿಷಕ್ಕೆ ನ್ಯಾಸ್ ತಾನೇ ಸರಿಯಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಿದ್ದಾರೆ.

ಸಿಡಿಲಿಗೆ ಯುಪಿಎಸ್ ಉತ್ತರವಲ್ಲ. ಪಿಸಿ, ನ್ಯಾಸ್ ಎರಡೂ ಒಂದೇ ಕೇಬಲಿನ ಎರಡು ತುದಿ. ಒಂದು ಹೊಡೆತಕ್ಕೆ ಎರಡೂ ಹೋಗಬಹುದು. ಯಾವ ತಂತಿಗೂ ತಗುಲದ ಮೂರನೆಯ ಪ್ರತಿ ಬೇಕಾಗುವುದು ಇಲ್ಲಿಯೇ. 2 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ತಂದು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರು. ಎಫ್‌ಎಟಿ32 ಆದರೆ 4 ಜಿಬಿ ಮೀರಿದ ಫೈಲ್ ಹಿಡಿಯದು, ಇಲ್ಲಿರುವುದು 940 ಜಿಬಿಯ ಒಂದೇ ಫೈಲು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ವೀಮ್ ಓಡದ ಹೊತ್ತಿನಲ್ಲಿ, ಇಮೇಜುಗಳನ್ನು ಒಂದಕ್ಕೆ ನಕಲಿಸುತ್ತಾರೆ. ಅದು ಭದ್ರಾವತಿಯ ತಂಗಿಯ ಮನೆಗೆ ಹೋಗುತ್ತದೆ, ಅಲ್ಲಿದ್ದದ್ದು ಬರುತ್ತದೆ. ಒಂದೇ ಡಿಸ್ಕ್ ಇದ್ದರೆ ನಕಲಿಸುವ ದಿನ ಎಲ್ಲ ಪ್ರತಿಗಳೂ ಒಂದೇ ಸೂರಿನಡಿ ಇರುತ್ತವೆ.

ಕ್ಲೌಡಿಗೆ ಎಲ್ಲವನ್ನೂ ಕಳಿಸಲು ಹೋಗಲಿಲ್ಲ. 50 ಎಂಬಿಪಿಎಸ್ ಅಪ್‌ಲೋಡಿಗೆ 940 ಜಿಬಿ ಸುಮಾರು 42 ಗಂಟೆ. ಡಿಟಿಪಿಯ 180 ಜಿಬಿ ಮಾತ್ರವಾದರೆ 8 ಗಂಟೆ. ಇದನ್ನು ಮುಂದೆ ಮಾಡಬಹುದು.

ಮರಳಿ ತಂದು ನೋಡಿದ್ದು

ಹಳೆಯ ಪಿಸಿ ಮನೆಯಲ್ಲಿ ಇದ್ದಾಗಲೇ ಮೂರು ಹಂತದ ಪರೀಕ್ಷೆ ನಡೆಯಿತು. ಮೊದಲು ಒಂದು ಫೈಲು: ಬ್ರಹ್ಮೋತ್ಸವದ ಅದೇ ಅಂತಿಮ ಪ್ರತಿಯನ್ನು ಇಮೇಜಿನಿಂದ ಹೊರತೆಗೆದರು. ಹೆಸರು ಒಂದಕ್ಷರವೂ ಕೆಡದೆ ಬಂತು. ಆಮೇಲೆ 731ರ ಪಟ್ಟಿಯನ್ನಿಟ್ಟುಕೊಂಡು ಅಷ್ಟನ್ನೂ ಬೇರೆ ಫೋಲ್ಡರಿಗೆ ತಂದು ಎಣಿಸಿ, ಮೂಲದೊಂದಿಗೆ ಹ್ಯಾಶ್ (ಫೈಲಿನ ಒಳಗಿನಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ) ಹೋಲಿಸಿದರು.

ಮೂರನೆಯದು ಬರಿಯ ಡಿಸ್ಕಿಗೆ ಇಡೀ ಸಿ ಡ್ರೈವನ್ನು ತರುವುದು. ವೀಮ್‌ನಿಂದಲೇ ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಂಡಿದ್ದರು. ಆ ಪಿಸಿಯ ನೆಟ್‌ವರ್ಕ್ ಡ್ರೈವರ್ ಅದರೊಳಗೆ ಸೇರಿದೆಯೇ ಎಂದು ಮೊದಲೇ ಬೂಟ್ ಮಾಡಿ ನೋಡಬೇಕು, ಪಿಸಿ ಸತ್ತ ದಿನ ಅಲ್ಲ. ಪಿಸಿಯಿಂದ ಮೂಲ ಎಸ್‌ಎಸ್‌ಡಿಯನ್ನು ಕಳಚಿ ಅದೇ ಗಾತ್ರದ ಬೇರೊಂದನ್ನು ಹಾಕಿದರು. ಎರಡನ್ನೂ ಒಟ್ಟಿಗೆ ಬಿಟ್ಟು ಬೂಟ್ ಮಾಡಬಾರದು, ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ರಿಕವರಿಯಲ್ಲಿ ನ್ಯಾಸ್ ಹೆಸರು ಕೊಟ್ಟಾಗ ಸಿಗಲಿಲ್ಲ, ಐಪಿ ಕೊಟ್ಟ ಕೂಡಲೇ ಸಿಕ್ಕಿತು. ಬ್ಯಾಕಪ್ ಖಾತೆಯ ಪಾಸ್‌ವರ್ಡ್, ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಎರಡನ್ನೂ ಬೀರುವಿನ ಕಾಗದ ನೋಡಿಯೇ ಹಾಕಿದರು, ಕಾಗದದಲ್ಲಿ ಬರೆದದ್ದು ಸರಿ ಇದೆಯೇ ಎಂಬುದೂ ಪರೀಕ್ಷೆಯ ಭಾಗವಾಗಲಿ ಎಂದು. 48 ನಿಮಿಷಕ್ಕೆ ವಿಂಡೋಸ್ ಎದ್ದಿತು. ನುಡಿ ಫಾಂಟಿನ ಹಳೆಯ ಲಗ್ನಪತ್ರಿಕೆ ತೆರೆದಾಗ ಅಕ್ಷರ ಸರಿಯಾಗಿ ಮೂಡಿತು. ಟ್ಯಾಲಿಯಲ್ಲಿ ಹಿಂದಿನ ದಿನದ ವೋಚರ್ ಇತ್ತು.

ಹೊಸ ಪಿಸಿಗೆ ಇಮೇಜನ್ನು ಇಳಿಸಲಿಲ್ಲ. ಬೇರೆ ಯಂತ್ರಾಂಶಕ್ಕೆ ಹಳೆಯ ವಿಂಡೋಸನ್ನು ಹೇರುವುದಕ್ಕಿಂತ ಹೊಸ ವಿಂಡೋಸ್ 11 ಹಾಗೇ ಇರಲಿ ಎಂದು ಫೈಲು, ಫಾಂಟುಗಳನ್ನಷ್ಟೇ ಹೊರತೆಗೆದು ಹಾಕಿದರು. ಅಲ್ಲಿ ಎರಡು ಹೊಸ ತೊಡಕು ಎದುರಾದವು. ಟಿವಿಗೆಂದು ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟಿದ್ದ ಫೋಟೊ ಫೋಲ್ಡರ್ ಹೊಸ ಪಿಸಿಯಿಂದ ತೆರೆಯಲಿಲ್ಲ. ವಿಂಡೋಸ್ 11 ಪ್ರೊದಲ್ಲಿ 24ಎಚ್2 ಆವೃತ್ತಿಯಿಂದ, ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಎಸ್‌ಎಂಬಿಗೆ ಸಹಿ ತಾನಾಗಿಯೇ ಕಡ್ಡಾಯವಾಗಿದೆ, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಅದರೊಂದಿಗೆ ನಡೆಯದು. ಆ ಭದ್ರತೆಯನ್ನು ಸಡಿಲಿಸುವ ಬದಲು ಫೋಲ್ಡರಿಗೆ ಓದುವ ಹಕ್ಕಷ್ಟೇ ಇರುವ ಬಳಕೆದಾರನನ್ನು ಮಾಡಿ ಟಿವಿಗೂ ಅದನ್ನೇ ಕೊಟ್ಟರು. ಇನ್ನೊಂದು, ಹೊಸ ಪಿಸಿಯ ಡಿಸ್ಕಿಗೆ ವಿಂಡೋಸಿನ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ತಾನಾಗಿಯೇ ಹಾಕಿಕೊಂಡಿತ್ತು. ಅದರ 48 ಅಂಕಿಯ ರಿಕವರಿ ಕೀಯನ್ನೂ ಬೀರುವಿನ ಕಾಗದಕ್ಕೆ ಸೇರಿಸಿದ್ದಾರೆ.

ಈಗ ಸೋಮವಾರಕ್ಕೊಮ್ಮೆ ನ್ಯಾಸ್‌ನ ಬ್ಯಾಕಪ್ ಫೋಲ್ಡರ್ ತೆರೆದು ಕೊನೆಯ ಫೈಲಿನ ತಾರೀಕು, ಗಾತ್ರ ನೋಡುತ್ತಾರೆ. ತಾರೀಕು ನಿನ್ನೆಯದಾಗಿರಬೇಕು, ಗಾತ್ರ 6 ಜಿಬಿಯ ಆಸುಪಾಸು ಇರಬೇಕು. ಒಮ್ಮೆಗೇ ಮುನ್ನೂರು ಜಿಬಿ ಬಂದರೆ ಯಾರೋ ಹೊಸ ವಿಡಿಯೊ ಹಾಕಿರಬೇಕು, ಇಲ್ಲವೇ ಫೈಲ್‌ಗಳೆಲ್ಲ ಗೂಢಲಿಪಿಗೆ ತಿರುಗುತ್ತಿರಬೇಕು. ಎರಡನೆಯದಲ್ಲ ಎಂದು ತಿಳಿಯುವವರೆಗೆ ನ್ಯಾಸ್‌ನ ಲ್ಯಾನ್ ಕೇಬಲ್ ಕಿತ್ತಿಡಬೇಕು. ಹಳೆಯ ಎನ್‌ಕ್ರಿಪ್ಟ್ ಆದ ಫೋಲ್ಡರನ್ನು ಓದಲು ಮಾತ್ರ ಬಿಟ್ಟಿದ್ದರು. ಯುಎಸ್‌ಬಿ ಡಿಸ್ಕಿನಿಂದಲೂ ಒಂದು ಫೋಲ್ಡರ್ ಹೊರತೆಗೆದು ನೋಡಿ, ಎರಡನೆಯ ಡಿಸ್ಕ್ ಭದ್ರಾವತಿ ಸೇರಿದ ಮೇಲೆ ಆ ಹಳೆಯ ಫೋಲ್ಡರನ್ನು ಅಳಿಸಿದರು.